ವಕೀಲರು, ವೃತ್ತಿನಿರತರು ಮತ್ತು ಮದ್ಯವ್ಯಸನ

ನಮ್ಮ ಸಂಘದ ವಾರ್ಷಿಕ ಸ್ಮರಣ ಸಂಚಿಕೆಯಲ್ಲಿ ಮಧುಮೇಹ, ರಕ್ತದೊತ್ತಡ, ಮೊಣಕಾಲು ನೋವು ಮುಂತಾದವುಗಳನ್ನು ಕುರಿತ ಲೇಖನಗಳು ತಪ್ಪದೆ ಬರುತ್ತವೆ. ಸಂಚಿಕೆ ಕೈಸೇರಿದೊಡನೆ ಹಿರಿಯರು ಜಾಹೀರಾತುಗಳನ್ನು ದಾಟಿ ಮೊದಲು ತೆರೆಯುವುದು ಆ ಪುಟಗಳನ್ನೇ. ಆದರೆ ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮವರ ಹಲವು ಮನೆಗಳಲ್ಲಿ ಬೀಡುಬಿಟ್ಟಿದ್ದರೂ, ಹೆಸರೆತ್ತಲು ನಾವೆಲ್ಲ ಹಿಂಜರಿಯುವ ಕಾಯಿಲೆಯೊಂದಿದೆ. ಅದು ಮದ್ಯವ್ಯಸನ, ಅದರಲ್ಲಿಯೂ ಓದಿದವರ, ಸಂಪಾದನೆಯುಳ್ಳವರ, ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವವರ ಮದ್ಯವ್ಯಸನ.

ನಾನು ವೈದ್ಯನಲ್ಲ. ವಾಣಿಜ್ಯ ಶಾಸ್ತ್ರದ ಪದವೀಧರ. ಬ್ಯಾಂಕೊಂದರಲ್ಲಿ ಸಾಲದ ಖಾತೆಗಳನ್ನು ನೋಡಿಕೊಳ್ಳುವ ಅಧಿಕಾರಿ. ಈ ವಿಷಯವನ್ನು ಕುರಿತು ಬರೆಯಲು ನನಗಿರುವ ಅರ್ಹತೆ ಒಂದೇ. ನನ್ನ ಅಕ್ಕನ ಮನೆಯಲ್ಲಿ ಈ ಕಾಯಿಲೆಯನ್ನು ಬಚ್ಚಿಡುವ ಕೆಲಸದಲ್ಲಿ ನಾನೂ ಹಲವು ವರ್ಷ ಪಾಲುದಾರನಾಗಿದ್ದೆ. ಆ ಸಂಗತಿ ಮುಂದೆ ಬರುತ್ತದೆ.

ಕನ್ನಡದಲ್ಲಿ ವ್ಯಸನವೆಂಬ ಪದಕ್ಕೆ ಎರಡು ಅರ್ಥಗಳಿವೆ. ಬಿಡಲಾಗದ ಚಟ ಎಂಬುದೊಂದು, ದುಃಖ ಎಂಬುದಿನ್ನೊಂದು. ನಿಧನವಾರ್ತೆ ತಿಳಿದು ವ್ಯಸನವಾಯಿತೆಂದು ನಮ್ಮ ಹಿರಿಯರು ಕಾಗದ ಬರೆಯುತ್ತಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೇಟೆ, ಜೂಜು, ಮದ್ಯಪಾನಗಳನ್ನು ಎಣಿಸಿರುವುದು ಅರಸನ ವ್ಯಸನಗಳೆಂದು. ಕುಡಿತವೆಂದರೆ ಕೂಲಿಕಾರನ ಚಟವೆಂಬ ನಮ್ಮ ಇಂದಿನ ಎಣಿಕೆ ಆ ಕಾಲದಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ಕಾಯಿಲೆಯ ಲಕ್ಷಣ

ಅಮೆರಿಕದ ವೈದ್ಯಕೀಯ ಸಂಘವು 1956ರಲ್ಲಿಯೇ ಮದ್ಯವ್ಯಸನವನ್ನು ಕಾಯಿಲೆಯೆಂದು ಅಂಗೀಕರಿಸಿತು. ಕುಡಿಯುವವರೆಲ್ಲರೂ ವ್ಯಸನಿಗಳಲ್ಲ. ಮೊದಲು ಒಂದು ಲೋಟದಿಂದ ದೊರೆಯುತ್ತಿದ್ದ ಅಮಲಿಗೆ ಈಗ ಮೂರು ಲೋಟ ಬೇಕಾಗುವುದು, ಒಮ್ಮೆ ತೊಡಗಿದರೆ ನಿಲ್ಲಿಸಲಾಗದಿರುವುದು, ಕುಡಿಯದಿದ್ದರೆ ಕೈನಡುಕ, ಬೆವರು, ನಿದ್ರಾಹೀನತೆ ತಲೆದೋರುವುದು, ಹಾನಿಯಾಗುತ್ತಿದೆಯೆಂದು ತಿಳಿದೂ ಮುಂದುವರಿಯುವುದು, ಇವು ಕೂಡಿದಾಗ ಅದು ಅಭ್ಯಾಸದ ಎಲ್ಲೆಯನ್ನು ಮೀರಿತೆಂದು ತಿಳಿಯಬೇಕು. ಅಮೆರಿಕದ ಮನೋವೈದ್ಯ ಜಾನ್ ಯೂಯಿಂಗ್ 1984ರಲ್ಲಿ ಪ್ರಕಟಿಸಿದ ನಾಲ್ಕು ಪ್ರಶ್ನೆಗಳು ಇಂದಿಗೂ ಬಳಕೆಯಲ್ಲಿವೆ. ಕುಡಿತವನ್ನು ಕಡಿಮೆ ಮಾಡಬೇಕೆಂದು ಎಂದಾದರೂ ಅನ್ನಿಸಿದೆಯೇ? ಪರರು ಅದನ್ನು ಟೀಕಿಸಿದಾಗ ಸಿಟ್ಟು ಬಂದಿದೆಯೇ? ಅದಕ್ಕಾಗಿ ಮನಸ್ಸಿನಲ್ಲಿ ಅಳುಕುಂಟೇ? ಬೆಳಿಗ್ಗೆ ಎದ್ದೊಡನೆ ಮೈ ಸ್ಥಿಮಿತಕ್ಕೆ ಬರಲೆಂದು ಕುಡಿದದ್ದುಂಟೇ? ಎರಡಕ್ಕೆ ಹೌದೆಂಬ ಉತ್ತರ ಬಂದರೆ ವೈದ್ಯರನ್ನು ಕಾಣುವುದು ಲೇಸು. ಈ ಪ್ರಶ್ನೆಗಳನ್ನು ಬೇರೆಯವರಿಗೆ ಹಾಕುವ ಮುನ್ನ ಏಕಾಂತದಲ್ಲಿ ತಮಗೆ ತಾವೇ ಹಾಕಿಕೊಳ್ಳುವುದು ಹೆಚ್ಚು ಪ್ರಯೋಜನಕಾರಿ.

ನಮ್ಮ ದೇಶದ ಸ್ಥಿತಿಯನ್ನು ಕುರಿತು ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆಯವರು ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂದಿತು. ಅದರಂತೆ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಅವರಲ್ಲಿ ನೆರವಿನ ಅಗತ್ಯವುಳ್ಳವರು 5.7 ಕೋಟಿ. ಮದ್ಯಕ್ಕೆ ಅಧೀನರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ದೊರೆತಿತ್ತು.

ಸ್ಥಾನಮಾನವೆಂಬ ಮುಸುಕು

ವಕೀಲರನ್ನು ಕುರಿತಂತೆ ಬಹುದೊಡ್ಡ ಅಧ್ಯಯನವೊಂದು ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾಯಿತು. 19 ರಾಜ್ಯಗಳ 12,825 ವಕೀಲರಿಗೆ ಪ್ರಶ್ನಾವಳಿಯನ್ನು ಕೊಟ್ಟು ಉತ್ತರಗಳನ್ನು ಪರಿಶೀಲಿಸಲಾಗಿ, ನೂರಕ್ಕೆ 20.6 ಮಂದಿಯ ಕುಡಿತವು ಅಪಾಯದ ಮಟ್ಟದಲ್ಲಿತ್ತು. ನೂರಕ್ಕೆ 28 ಮಂದಿಯಲ್ಲಿ ಖಿನ್ನತೆಯ, 19 ಮಂದಿಯಲ್ಲಿ ಆತಂಕದ ಲಕ್ಷಣಗಳು ಕಂಡುಬಂದವು. ವರ್ಷಗಟ್ಟಲೆ ದುಡಿದು ದಣಿದ ಹಿರಿಯರೇ ಹೆಚ್ಚು ಕುಡಿಯುವರೆಂದು ನಾವು ಊಹಿಸುತ್ತೇವೆ. ಅಲ್ಲಿ ಕಂಡದ್ದು ವಿಪರೀತ. ವೃತ್ತಿಯ ಮೊದಲ 10 ವರ್ಷಗಳಲ್ಲಿದ್ದ ಕಿರಿಯರಲ್ಲಿಯೇ ಪ್ರಮಾಣ ಹೆಚ್ಚಾಗಿತ್ತು. ನೆರವನ್ನು ಏಕೆ ಕೇಳಲಿಲ್ಲವೆಂಬ ಪ್ರಶ್ನೆಗೆ ಅವರು ಕೊಟ್ಟ ಕಾರಣಗಳಲ್ಲಿ ಮೊದಲನೆಯದು, ಇತರರಿಗೆ ತಿಳಿದೀತೆಂಬ ಭಯ.

ಇದಕ್ಕಿಂತಲೂ ನನ್ನನ್ನು ಕಾಡಿದ್ದು ಹಾರ್ವರ್ಡಿನ ಮನೋವೈದ್ಯ ಜಾರ್ಜ್ ವೇಲಂಟ್ 1996ರಲ್ಲಿ ಪ್ರಕಟಿಸಿದ ಲೆಕ್ಕ. ಬಾಸ್ಟನ್ ಪ್ರದೇಶದ ಎರಡು ಗುಂಪುಗಳ ಪುರುಷರನ್ನು ಯೌವನದಿಂದ 60ರ ವಯಸ್ಸಿನವರೆಗೂ ಸಂಶೋಧಕರು ಬೆನ್ನುಹತ್ತಿ ಗಮನಿಸಿದ್ದರು. ಒಂದು, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದ 268 ಮಂದಿಯದು. ಇನ್ನೊಂದು, ಅದೇ ನಗರದ ಬಡ ಬಡಾವಣೆಗಳಲ್ಲಿ ಬೆಳೆದ 456 ಮಂದಿಯದು. ಬದುಕಿನ ಯಾವುದಾದರೊಂದು ಘಟ್ಟದಲ್ಲಿ ಮೊದಲ ಗುಂಪಿನ 55 ಮಂದಿ, ಎರಡನೆಯ ಗುಂಪಿನ 150 ಮಂದಿ ಮದ್ಯದ ಹಿಡಿತಕ್ಕೆ ಸಿಕ್ಕಿದ್ದರು. 60ನೆಯ ವಯಸ್ಸಿಗೆ ಅವರ ಗತಿ ಏನಾಗಿತ್ತು? ಬಡವರ ಗುಂಪಿನಲ್ಲಿ ನೂರಕ್ಕೆ 28 ಮಂದಿ ತೀರಿಕೊಂಡಿದ್ದರು. 30 ಮಂದಿ ಕುಡಿತವನ್ನು ಪೂರ್ತಿ ಬಿಟ್ಟಿದ್ದರು. 28 ಮಂದಿ ಇನ್ನೂ ಕುಡಿತದ ಹಿಡಿತದಲ್ಲಿದ್ದರು. ಹಾರ್ವರ್ಡಿನವರಲ್ಲಿ ತೀರಿಕೊಂಡವರು 18, ಬಿಟ್ಟವರು ಕೇವಲ 11, ಇನ್ನೂ ಹಿಡಿತದಲ್ಲಿದ್ದವರು 60!

ಈ ಅಂಕಿಗಳನ್ನು ನಾನು ಹಲವು ಸಲ ಓದಿದ್ದೇನೆ. ವಿದ್ಯೆ, ಹಣ, ಒಳ್ಳೆಯ ವೈದ್ಯರು, ತಿಳಿವಳಿಕೆಯುಳ್ಳ ಪತ್ನಿ ಇವೆಲ್ಲ ಯಾರಿಗಿದ್ದವೋ ಅವರೇ ಕಡಿಮೆ ಸಂಖ್ಯೆಯಲ್ಲಿ ಪಾರಾದರು. ದಿನಗೂಲಿಯವನು ಎರಡು ದಿನ ತಪ್ಪಿಸಿದರೆ ಕೆಲಸ ಹೋಗುತ್ತದೆ. ಮೂರನೆಯ ದಿನ ಅವನ ಕಾಯಿಲೆ ಬೀದಿಗೆ ಬರುತ್ತದೆ. ಬೀದಿಗೆ ಬಂದದ್ದಕ್ಕೆ ಒಂದೋ ಸಾವು, ಇಲ್ಲವೇ ಮದ್ದು. ಆದರೆ ಪ್ರತಿಷ್ಠಿತನ ಕಾಯಿಲೆಯ ಸುತ್ತ ಗುಮಾಸ್ತ, ಜೂನಿಯರು, ಹೆಂಡತಿ, ಮೈದುನ ಎಲ್ಲರೂ ಕೂಡಿ ಗೋಡೆ ಕಟ್ಟುತ್ತಾರೆ. ಅದನ್ನು ಕಟ್ಟುವವರಿಗೆ ತಾವು ಉಪಕಾರ ಮಾಡುತ್ತಿದ್ದೇವೆಂಬ ಭಾವನೆ ಬೇರೆ.

ನಮ್ಮ ಮನೆಯ ಗೋಡೆ

ನನ್ನ ಭಾವನವರು ಕುಮಟಾದ ಕಡೆಯವರು, ಮುಂಬಯಿಯಲ್ಲಿ ವಕೀಲರು. ಬಾಡಿಗೆ ವ್ಯಾಜ್ಯ, ಗೃಹನಿರ್ಮಾಣ ಸಹಕಾರ ಸಂಘಗಳ ತಕರಾರು, ಇವುಗಳಲ್ಲಿ ಒಳ್ಳೆಯ ಹೆಸರು. 2009ರಲ್ಲಿ ನಾನು ವರ್ಗವಾಗಿ ಮುಂಬಯಿಗೆ ಬಂದಾಗ ಮೂರು ತಿಂಗಳು ಡೊಂಬಿವಲಿಯ ಅವರ ಮನೆಯಲ್ಲಿಯೇ ಇದ್ದೆ. ಸಂಜೆ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಬೆಂದು ಮನೆಗೆ ಬಂದ ಮನುಷ್ಯ ಎರಡು ಲೋಟ ಕುಡಿದರೆ ತಪ್ಪೇನೆಂದು ನನಗೂ ಅನ್ನಿಸಿತ್ತು. ಎರಡು ನಾಲ್ಕಾದದ್ದು ಯಾವಾಗ, ಸೀಸೆ ಬೀರುವಿನಿಂದ ಕಕ್ಷಿದಾರರ ಕಡತಗಳ ಹಿಂದಕ್ಕೆ ಸರಿದದ್ದು ಯಾವಾಗ ಎಂಬುದು ಯಾರ ಲೆಕ್ಕಕ್ಕೂ ಸಿಗಲಿಲ್ಲ. ಮಾತೆತ್ತಿದರೆ ಅವರದು ವಕೀಲರ ವಾದ: “ಒಂದು ದಿನವಾದರೂ ಕೋರ್ಟು ತಪ್ಪಿಸಿದ್ದೇನೆಯೇ, ಹೇಳು ಮಾರಾಯ!” ತಪ್ಪಿಸಿರಲಿಲ್ಲ. ಅದೇ ಅವರ ಸಾಕ್ಷ್ಯ, ಅದೇ ನಮ್ಮ ಸಮಾಧಾನ. (ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯಿದೆ ಇಂದಿಗೂ ಜಾರಿಯಲ್ಲಿದ್ದು, ಕುಡಿಯುವವನು ಪರವಾನಗಿ ಪಡೆಯಬೇಕೆಂಬುದು ಎಷ್ಟು ಮಂದಿಗೆ ಗೊತ್ತೋ ತಿಳಿಯದು. ಭಾವನವರಲ್ಲಿ ಆಜೀವ ಪರವಾನಗಿ ಇತ್ತು. ಕಾನೂನಿಗೆ ಅವರು ಎಂದೂ ತಪ್ಪಿದವರಲ್ಲ.)

ತರುವಾಯ ಬೆಳಗಿನ ವಾಯಿದೆಗಳನ್ನು ಗುಮಾಸ್ತ ಮುಂದೂಡಿಸತೊಡಗಿದ. ಫೋನು ಬಂದರೆ ಅಕ್ಕ, “ಅವರು ಪೂಜೆಗೆ ಕೂತಿದ್ದಾರೆ” ಎನ್ನುವಳು. ಎಂದೂ ದೇವರ ಮುಂದೆ ಐದು ನಿಮಿಷ ಕೂರದ ಭಾವನವರ ಪೂಜೆ ದಿನದಿಂದ ದಿನಕ್ಕೆ ದೀರ್ಘವಾಯಿತು. 2011ರಲ್ಲಿ ಒಂದು ದಿನ ಗುಮಾಸ್ತ ನನ್ನ ಬ್ಯಾಂಕಿಗೆ ಬಂದು ನಿಂತ. ಕಕ್ಷಿದಾರರೊಬ್ಬರು ಕೋರ್ಟಿನಲ್ಲಿ ಕಟ್ಟಲೆಂದು ಕೊಟ್ಟಿದ್ದ 85,000 ರೂಪಾಯಿ ಖಾತೆಯಲ್ಲಿ ಇರಲಿಲ್ಲ, ಮರುದಿನವೇ ಗಡುವು. ನಾನು ನನ್ನ ಠೇವಣಿಯನ್ನು ಮುರಿದು ಕೊಟ್ಟೆ. ಅದಾದ ಮೇಲೆ ಇನ್ನೆರಡು ಸಲ ಕೊಟ್ಟೆ. ಒಟ್ಟು 2,40,000 ರೂಪಾಯಿ.

ಬ್ಯಾಂಕಿನವರಿಗೆ ಒಂದು ರೋಗ ಚೆನ್ನಾಗಿ ಗೊತ್ತು. ಹಳೆಯ ಸಾಲದ ಬಡ್ಡಿ ಬಾರದಿದ್ದಾಗ ಅದೇ ಸಾಲಗಾರನಿಗೆ ಹೊಸ ಸಾಲ ಕೊಟ್ಟು, ಆ ಹಣದಿಂದ ಬಡ್ಡಿ ಕಟ್ಟಿಸಿಕೊಂಡು, ಕೆಟ್ಟ ಖಾತೆಯನ್ನು ಒಳ್ಳೆಯ ಖಾತೆಯೆಂದು ತೋರಿಸುವುದು. ಎವರ್‌ಗ್ರೀನಿಂಗ್ ಎಂದು ಅದರ ಹೆಸರು. ಹಾಗೆ ಮಾಡಬಾರದೆಂದು ಕಿರಿಯ ಅಧಿಕಾರಿಗಳಿಗೆ ನಾನು ಪಾಠ ಹೇಳುತ್ತಿದ್ದೆ. ಮನೆಯಲ್ಲಿ ಮಾಡಿದ್ದು ಅದನ್ನೇ. ಕಕ್ಷಿದಾರರ ಹಣದ ಲೆಕ್ಕವನ್ನು ವಕೀಲನು ಸರಿಯಾಗಿ ಇಡಬೇಕೆಂಬುದು ಭಾರತೀಯ ವಕೀಲರ ಪರಿಷತ್ತಿನ ನಿಯಮ. ತಪ್ಪಿದರೆ 1961ರ ವಕೀಲರ ಕಾಯಿದೆಯಂತೆ ಶಿಸ್ತಿನ ಕ್ರಮ. ಆ ಭಯವೇ ನನ್ನಿಂದ ಹಣ ಕೊಡಿಸಿತು. ಕೊಡದೆ, ಭಾವನವರನ್ನು ಕೂರಿಸಿ, “ಈ ಹಣ ಎಲ್ಲಿ ಹೋಯಿತು?” ಎಂದು ಕೇಳಿದ್ದರೆ ಕಾಯಿಲೆ ಮೂರು ವರ್ಷ ಮೊದಲೇ ಹೊರಬೀಳುತ್ತಿತ್ತು. ಆ ಮೂರು ವರ್ಷಗಳಲ್ಲಿ ಅವರ ಯಕೃತ್ತು ಕೆಟ್ಟಿತು. ನನ್ನ ಸೋದರಳಿಯನ ಹನ್ನೆರಡನೆಯ ತರಗತಿ ಕೆಟ್ಟಿತು. ಅಕ್ಕ ಮಾತನಾಡುವುದನ್ನೇ ಕಡಿಮೆ ಮಾಡಿದಳು.

ನಿಲ್ಲಿಸಲು ಹೋಗಿ

2014ರ ಚೌತಿಗೆ ಮೊದಲು ಅಕ್ಕ ಗಟ್ಟಿ ಮನಸ್ಸು ಮಾಡಿದಳು. ಹಬ್ಬ ಮುಗಿಯುವವರೆಗೆ ಹನಿಯೂ ಮನೆಯೊಳಗೆ ಬರಕೂಡದು. ಭಾವನವರೂ ದೇವರ ಮೇಲೆ ಆಣೆಯಿಟ್ಟರು. ನಾನು ರಜೆ ಹಾಕಿ ಬಾಗಿಲು ಕಾದೆ. ಕಟ್ಟುನಿಟ್ಟೇ ಔಷಧವೆಂದು ನಾವಿಬ್ಬರೂ ನಂಬಿದ್ದೆವು.

ಮೊದಲ ರಾತ್ರಿ ಬೆವರು, ನಡುಕ. ಎರಡನೆಯ ದಿನ ಸಂಜೆ ಫಿಟ್ಸ್ ಬಂದು ಬಿದ್ದರು. ಆ ಮೇಲೂ, “ಇನ್ನೇನು ಇಳಿಯುತ್ತದೆ” ಎಂದು ಕಾದದ್ದು ನಮ್ಮ ಬುದ್ಧಿಗೇಡಿತನ. ಮೂರನೆಯ ರಾತ್ರಿ ಗೋಡೆಯ ಮೇಲೆ ಇರುವೆ ಸಾಲುಗಳನ್ನು ಒರೆಸತೊಡಗಿದರು. ಅಲ್ಲಿ ಇರುವೆ ಇರಲಿಲ್ಲ. ಬಚ್ಚಲು ಮನೆಯ ಬಾಗಿಲ ಮುಂದೆ ನಿಂತು, ನ್ಯಾಯಾಧೀಶರ ಮುಂದೆ ನಿಂತಂತೆ, ಎಂದೋ ಮುಗಿದ ಮೊಕದ್ದಮೆಯೊಂದನ್ನು ವಾದಿಸಿದರು. ನಡುರಾತ್ರಿ ಆಸ್ಪತ್ರೆಗೆ ಒಯ್ದೆವು. ಬೆಳಗಿನವರೆಗೆ ಕಾದಿದ್ದರೆ ಉಳಿಸುವುದು ಕಷ್ಟವಿತ್ತೆಂದು ವೈದ್ಯರು ಅಕ್ಕನಿಗೆ ಹೇಳಲಿಲ್ಲ, ನನಗೆ ಹೇಳಿದರು.

ಬ್ಯಾಂಕಿನವನಾದ ನನಗೆ ವಿಡ್ರಾಯಲ್ ಎಂದರೆ ಖಾತೆಯಿಂದ ಹಣ ತೆಗೆಯುವುದು. ವೈದ್ಯರು ಅದೇ ಪದವನ್ನು ಬೇರೊಂದಕ್ಕೆ ಬಳಸುತ್ತಾರೆಂದು ಅಂದು ತಿಳಿಯಿತು. ಮದ್ಯವು ಮೆದುಳಿನ ಚಟುವಟಿಕೆಯನ್ನು ತಗ್ಗಿಸುವ ವಸ್ತು. ವರ್ಷಗಟ್ಟಲೆ ಅದು ಸುರಿಯುತ್ತಿದ್ದರೆ ಮೆದುಳು ತನ್ನ ಉದ್ರೇಕವನ್ನು ಏರಿಸಿಕೊಂಡು ಸರಿದೂಗಿಸಿಕೊಳ್ಳುತ್ತದೆ. ಮದ್ಯ ಥಟ್ಟನೆ ನಿಂತಾಗ ಆ ಉದ್ರೇಕಕ್ಕೆ ತಡೆಯಿಲ್ಲದಾಗುತ್ತದೆ. ಕೊನೆಯ ಲೋಟದ ನಂತರ ಸಾಮಾನ್ಯವಾಗಿ 48ರಿಂದ 96 ಗಂಟೆಗಳ ನಡುವೆ ಕಾಣಿಸಿಕೊಳ್ಳುವ ಈ ಭ್ರಮಾವಸ್ಥೆಗೆ ಡೆಲಿರಿಯಮ್ ಟ್ರೆಮೆನ್ಸ್ ಎಂದು ಹೆಸರು. ಚಿಕಿತ್ಸೆ ದೊರೆಯದಿದ್ದರೆ ಪ್ರಾಣಾಪಾಯವುಂಟು. ಆಸ್ಪತ್ರೆಯಲ್ಲಿ ನಿಗದಿಯಾದ ಮಾತ್ರೆಗಳಿಂದ ಮೆದುಳನ್ನು ಮೆಲ್ಲನೆ ಇಳಿಸುತ್ತಾರೆ. ಥಯಾಮಿನ್ ಎಂಬ ಬಿ1 ಜೀವಸತ್ವವನ್ನು ಕೊಡುತ್ತಾರೆ, ಅದರ ಕೊರತೆಯಿಂದ ನೆನಪು ಶಾಶ್ವತವಾಗಿ ನಾಶವಾಗಬಹುದು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಮದ್ಯದಂಗಡಿಗಳು ಏಕಾಏಕಿ ಮುಚ್ಚಿದಾಗ ಇದೇ ತೊಂದರೆಯಿಂದ ದೇಶದ ಹಲವೆಡೆ ಜನ ಆಸ್ಪತ್ರೆ ಸೇರಿದರು. ಆದುದರಿಂದ ನಿತ್ಯವೂ ಹೆಚ್ಚು ಕುಡಿಯುವವರನ್ನು ಮನೆಯಲ್ಲಿ ಕೂಡಿಹಾಕಿ ಬಿಡಿಸುವ ಸಾಹಸಕ್ಕೆ ಯಾರೂ ಕೈಹಾಕಬಾರದು.

ಇನ್ನೊಂದು ಮಾತು. ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿಗಳ ಜಾಹೀರಾತುಗಳನ್ನು ನಾವೆಲ್ಲ ನೋಡಿದ್ದೇವೆ. ಡೈಸಲ್ಫಿರಾಮ್ ಎಂಬ ಔಷಧವೊಂದಿದೆ. 1948ರಲ್ಲಿ ಡೆನ್ಮಾರ್ಕಿನಲ್ಲಿ ಬಳಕೆಗೆ ಬಂದದ್ದು. ಅದನ್ನು ಸೇವಿಸಿದವನು ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯಬಹುದು. ತಿಳಿದು ಒಪ್ಪಿ ಸೇವಿಸುವವನಿಗೆ ಅದು ಕಾವಲು; ತಿಳಿಯದೆ ಸೇವಿಸುವವನಿಗೆ ವಿಷಪ್ರಾಯ. ಕುಡಿಯುವ ಬಯಕೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮುಂತಾದ ಬೇರೆ ಔಷಧಗಳೂ ಇವೆ. ಯಾವುದು ಯಾರಿಗೆ ಎಂಬುದನ್ನು ಮನೋವೈದ್ಯರೇ ಹೇಳಬೇಕು.

ಐದು ವರ್ಷಗಳ ಲೆಕ್ಕ

ಆಸ್ಪತ್ರೆಯಿಂದ ಚಿಕಿತ್ಸಾ ಕೇಂದ್ರಕ್ಕೆ ಹೋದ ಭಾವನವರು ಅಕ್ಟೋಬರಿನಲ್ಲಿ ಮನೆಗೆ ಮರಳಿದರು. ನಾನು ಪೇಢೆ ಹಂಚಿದೆ. ಗುಣವಾಯಿತೆಂದೇ ನಮ್ಮೆಲ್ಲರ ನಂಬಿಕೆ. ಒಂದು ಕಂತು ಕಟ್ಟಿದೊಡನೆ ಕೆಟ್ಟ ಸಾಲವನ್ನು ಒಳ್ಳೆಯದೆಂದು ಬರೆದಂತೆ ಆಯಿತು ಅದು. ಮನೋವೈದ್ಯರ ಲೆಕ್ಕದಲ್ಲಿ ಲಕ್ಷಣಗಳಿಲ್ಲದೆ 3 ತಿಂಗಳಾದರೆ ಆರಂಭದ ಶಮನ. 12 ತಿಂಗಳಾದರೆ ಸ್ಥಿರವಾದ ಶಮನ. ಐದು ವರ್ಷ ಪೂರ್ತಿ ದೂರವಿದ್ದವರಲ್ಲಿ ಕಾಯಿಲೆ ಮರುಕಳಿಸುವುದು ವಿರಳವೆಂದು ಮೇಲೆ ಹೇಳಿದ ವೇಲಂಟರ ದೀರ್ಘ ಅಧ್ಯಯನದಿಂದ ತಿಳಿದುಬಂದಿದೆ.

ಭಾವನವರಿಗೆ ಮರುಕಳಿಸಿದ್ದು ಹದಿಮೂರನೆಯ ತಿಂಗಳಿನಲ್ಲಿ. ಸೋತ ದಿನವಲ್ಲ, ಗೆದ್ದ ದಿನ! ಆರು ವರ್ಷ ನಡೆದ ವ್ಯಾಜ್ಯವೊಂದು ಗೆದ್ದು, ಕಕ್ಷಿದಾರರು ಹೋಟೆಲಿನಲ್ಲಿ ಔತಣವಿಟ್ಟರು. “ಇವತ್ತು ಒಂದೇ ಒಂದು, ವಕೀಲ್ ಸಾಹೇಬ್.” ಆ ಒಂದು ಒಂಬತ್ತು ದಿನ ನಡೆಯಿತು. ಹತ್ತನೆಯ ದಿನ ಅವರೇ ನನಗೆ ಫೋನು ಮಾಡಿ, “ಈ ಸಲ ಹಣ ತರಬೇಡ, ಡಾಕ್ಟರನ್ನು ಕರೆದುಕೊಂಡು ಬಾ” ಎಂದರು. ಅದು 2015ರ ನವೆಂಬರ್, ದೀಪಾವಳಿಗೆ ನಾಲ್ಕು ದಿನ ಮೊದಲು.

ಆ ಸಲ ವೈದ್ಯರು ನಮಗೆ ವಿವರಿಸಿದ್ದು ಅಮೆರಿಕದ ವೈದ್ಯರ ಕಥೆಯನ್ನು. ಅಲ್ಲಿ ವ್ಯಸನಕ್ಕೆ ಸಿಕ್ಕ ವೈದ್ಯರಿಗಾಗಿಯೇ ರಾಜ್ಯವಾರು ಕಾರ್ಯಕ್ರಮಗಳಿವೆ. ಚಿಕಿತ್ಸೆಯ ನಂತರವೂ ಸಾಮಾನ್ಯವಾಗಿ ಐದು ವರ್ಷ ನಿಗಾ ಇರುತ್ತದೆ; ಮುನ್ಸೂಚನೆಯಿಲ್ಲದೆ ಮೂತ್ರಪರೀಕ್ಷೆ, ಗುಂಪು ಸಭೆಗಳು, ಕೆಲಸದ ಸ್ಥಳದಲ್ಲಿ ಮೇಲ್ವಿಚಾರಣೆ. ಅಂತಹ 16 ಕಾರ್ಯಕ್ರಮಗಳ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಗತಿ ತಿಳಿದ 802 ವೈದ್ಯರಲ್ಲಿ 647 ಮಂದಿ ಚಿಕಿತ್ಸೆ ಪೂರೈಸಿ, ನಿಗಾದಲ್ಲಿ ವೃತ್ತಿಗೆ ಮರಳಿದ್ದರು. ಅವರಲ್ಲಿ ಐದು ವರ್ಷಗಳ ಅವಧಿಯಲ್ಲಿ ಪರೀಕ್ಷೆಯಿಂದ ಸಿಕ್ಕಿಬಿದ್ದವರು 126. ಐದು ವರ್ಷಗಳ ಕೊನೆಗೆ 802ರಲ್ಲಿ 631 ಮಂದಿ ಪರವಾನಗಿಯೊಡನೆ ಕೆಲಸದಲ್ಲಿದ್ದರು. ನಿಗಾ ಇಲ್ಲದ ಇನ್ನೊಂದು ಗುಂಪಿನೊಡನೆ ಹೋಲಿಸಿ ನೋಡಿದ ಅಧ್ಯಯನವಲ್ಲ ಇದು, ಮತ್ತು ಕಳೆದುಕೊಳ್ಳಲು ದೊಡ್ಡ ಹುದ್ದೆ ಇದ್ದವರನ್ನು ಕುರಿತದ್ದು. ಆದರೂ ಹಾರ್ವರ್ಡಿನ ಲೆಕ್ಕದ ಪಕ್ಕದಲ್ಲಿ ಇದನ್ನಿಟ್ಟು ನೋಡಿದಾಗ ನನಗೆ ಹೊಳೆದದ್ದು ಇಷ್ಟು: ಕಾಯಿಲೆಯನ್ನು ಮುಚ್ಚಿಟ್ಟ ಸ್ಥಾನಮಾನವೇ, ವಿಷಯ ತಿಳಿಯಬೇಕಾದವರಿಗೆ ತಿಳಿದ ಮೇಲೆ, ಚೇತರಿಕೆಗೆ ಊರುಗೋಲಾಗಬಲ್ಲದು.

ವಕೀಲರಿಗೂ ಅಮೆರಿಕದ ಪ್ರತಿ ರಾಜ್ಯದಲ್ಲಿ ಗೋಪ್ಯತೆಯುಳ್ಳ ನೆರವಿನ ವ್ಯವಸ್ಥೆ ಇದೆ. ಅಲ್ಲಿನ ವಕೀಲರ ಸಂಘ 1988ರಲ್ಲಿಯೇ ಇದಕ್ಕಾಗಿ ಆಯೋಗ ರಚಿಸಿತು. ನಾವು ಮನೆಮಟ್ಟಿಗೆ ಅದರ ಸಣ್ಣ ನಕಲೊಂದನ್ನು ಮಾಡಿಕೊಂಡೆವು. ಭಾವನವರೇ ಹೋಗಿ ತಮ್ಮ ಹಳೆಯ ಸೀನಿಯರರಿಗೆ ಎಲ್ಲವನ್ನೂ ಹೇಳಿದರು. ಹೊರಗಟ್ಟುವರೆಂದು ಹೆದರಿದ್ದ ನಮಗೆ ಆ ವೃದ್ಧರು ತೋರಿದ ರೀತಿ ಮರೆಯುವಂತಹುದಲ್ಲ. ತಮ್ಮ ಚೇಂಬರಿನಲ್ಲಿಯೇ ಒಂದು ಮೇಜು ಕೊಟ್ಟರು, ಕರಾರುಗಳನ್ನೂ ಹಾಕಿದರು. ಕಕ್ಷಿದಾರರ ಹಣಕ್ಕೆ ಪ್ರತ್ಯೇಕ ಖಾತೆ, ಚೆಕ್ಕಿನ ಮೇಲೆ ಜೂನಿಯರರ ಎರಡನೆಯ ಸಹಿ. ಮೊದಲ ವರ್ಷ ತಿಂಗಳಿಗೊಮ್ಮೆ ವೈದ್ಯರ ಭೇಟಿ, ಯಕೃತ್ತಿನ ರಕ್ತಪರೀಕ್ಷೆ. ವರದಿಯ ಪ್ರತಿ ಸೀನಿಯರರ ಮೇಜಿಗೆ. ಪುನಃ ಕುಡಿದರೆ ಅಂದಿನಿಂದ ಕೋರ್ಟಿಗೆ ಹೋಗಕೂಡದು, ಚಿಕಿತ್ಸೆಗೆ ಹೋಗಬೇಕು. ನನ್ನ 2,40,000 ರೂಪಾಯಿಯನ್ನು ತಿಂಗಳಿಗೆ 5,000ದಂತೆ ತೀರಿಸುವುದೆಂದು ಅವರೇ ಗೊತ್ತುಮಾಡಿದರು. ನನಗೆ ಆ ಹಣದ ತುರ್ತು ಇರಲಿಲ್ಲ, ಬೇಡವೆಂದೆ. “ನೀನು ಸುಮ್ಮನಿರಪ್ಪ, ಅದು ಅವನ ಔಷಧ” ಎಂದರು. 48 ಕಂತುಗಳೂ ತಪ್ಪದೆ ಬಂದವು.

ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು

ಸಂಜೆ ಆರೂವರೆಯಿಂದ ಎಂಟು, ಕುಡಿತಕ್ಕೆ ಮೀಸಲಾಗಿದ್ದ ಹೊತ್ತು, ಈಗ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಮೀಸಲಾಯಿತು. 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರೂ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರೂ ಆರಂಭಿಸಿದ ಕೂಟವಿದು. ಭಾರತದಲ್ಲಿ 1957ರಿಂದ ಇದೆ. ಅವರಿಬ್ಬರೂ ಆಸ್ಪತ್ರೆಗೆ ಹೋಗಿ ಮಾತನಾಡಿಸಿ ಕರೆತಂದ ಮೂರನೆಯ ಸದಸ್ಯ ಬಿಲ್ ಡಾಟ್ಸನ್, ವಕೀಲ. ಕೆಲವೇ ತಿಂಗಳುಗಳಲ್ಲಿ ಹಲವು ಸಲ ಅದೇ ಆಸ್ಪತ್ರೆ ಸೇರಿದ್ದ ಆತ, ಆ ಬೇಸಿಗೆಯ ನಂತರ 1954ರಲ್ಲಿ ಸಾಯುವವರೆಗೂ ಕುಡಿಯಲಿಲ್ಲ. ಇದನ್ನು ಕೇಳಿ ಬಂದ ರಾತ್ರಿ ಭಾವನವರು ನನಗೆ ಫೋನು ಮಾಡಿ, “ಮೂರನೆಯವನು ನಮ್ಮವನೇ ಮಾರಾಯ, ವಕೀಲ!” ಎಂದು ಚಿಕ್ಕ ಮಗುವಿನಂತೆ ಸಂತೋಷಪಟ್ಟರು.

ಆ ಸಭೆಗಳಲ್ಲಿ ಶುಲ್ಕವಿಲ್ಲ, ಪೂರ್ತಿ ಹೆಸರನ್ನು ಕೇಳುವುದಿಲ್ಲ. ದೇವರ ಮಾತು ಬರುತ್ತದೆಂದು ಕೆಲವರಿಗೆ ಸಂಕೋಚ. ಭಾವನವರೂ ಮೊದಲು ಮೂಗು ಮುರಿದವರೇ. ಆದರೆ ಕೊಕ್ರೇನ್ ಸಂಸ್ಥೆ 2020ರಲ್ಲಿ ಹಲವು ಅಧ್ಯಯನಗಳನ್ನು ತುಲನೆ ಮಾಡಿದಾಗ, ರೋಗಿಗಳನ್ನು ಈ ಕೂಟಕ್ಕೆ ಕ್ರಮವಾಗಿ ಜೋಡಿಸುವ ಚಿಕಿತ್ಸೆಯಿಂದ ಕುಡಿತವನ್ನು ಪೂರ್ತಿ ಬಿಟ್ಟು ಮುಂದುವರಿದವರ ಪ್ರಮಾಣ ಇತರ ಚಿಕಿತ್ಸೆಗಳಿಗಿಂತ ಹೆಚ್ಚೆಂದು ಕಂಡುಬಂದಿತು. ಭಾವನವರು ಹೋದದ್ದು ಹಿಂದಿ ಮತ್ತು ಮರಾಠಿಯಲ್ಲಿ ನಡೆಯುವ ಸಭೆಗೆ. ಅಲ್ಲಿ ನಮ್ಮೂರಿನವರು ಯಾರೂ ಇರಲಿಲ್ಲವೆಂಬುದೇ ಅವರಿಗೆ ಮೊದಲ ಸಮಾಧಾನವಾಗಿತ್ತಂತೆ. ಸಂಘದ ಕಾರ್ಯಕರ್ತನಾಗಿ ಈ ಮಾತು ನನಗೆ ಚುಚ್ಚಿತೆಂಬುದನ್ನು ಬಚ್ಚಿಡಲಾರೆ.

ಮನೆಯವರಿಗೂ ಚೇತರಿಕೆ ಬೇಕು. ಅಕ್ಕ ಕುಟುಂಬದವರಿಗಾಗಿ ಇರುವ ಅಲ್-ಅನಾನ್ ಸಭೆಗೆ ಹೋಗತೊಡಗಿದಳು. ಕುಡಿತ ನಿಂತ ಮೊದಲ ವರ್ಷ ಅವಳಿಗೆ ಸುಖದ ವರ್ಷವಾಗಿರಲಿಲ್ಲ. ಭಾವನವರಿಗೆ ನಿದ್ರೆಯಿಲ್ಲ, ಮಾತುಮಾತಿಗೆ ಸಿಡುಕು. ಹತ್ತು ವರ್ಷ ಮನೆಯ ಆಡಳಿತವನ್ನು ಒಬ್ಬಳೇ ಹೊತ್ತವಳು ಅವಳು. ಈಗ ಎಚ್ಚರವಾಗಿ ಎದ್ದು ಕೂತ ಯಜಮಾನ ಹಾಲಿನ ಲೆಕ್ಕ ಕೇಳಿದರೆ ಹೇಗಿರಬೇಡ! ಚೆಕ್ ಪುಸ್ತಕವನ್ನು ಅವರ ಕೈಗೆ ಮರಳಿ ಕೊಡಲು ಅವಳಿಗೆ ಎರಡು ವರ್ಷ ಬೇಕಾಯಿತು. ಕೊಡೆಂದು ಒತ್ತಾಯಿಸದಿರುವ ವಿವೇಕ ಭಾವನವರಿಗಿತ್ತು. ಮಗ ತಂದೆಯೊಡನೆ ಸರಿಯಾಗಿ ಮಾತನಾಡಲು ಇನ್ನೂ ಹೆಚ್ಚು ಕಾಲ ಹಿಡಿಯಿತು.

ನೆರವು ಎಲ್ಲಿ

ಚೆನ್ನೈಯಲ್ಲಿ ಶಾಂತಿ ರಂಗನಾಥನ್ ಅವರು 1980ರಲ್ಲಿ ಸ್ಥಾಪಿಸಿದ ಟಿ.ಟಿ. ರಂಗನಾಥನ್ ಸಂಶೋಧನಾ ಪ್ರತಿಷ್ಠಾನವಿದೆ. ಪ್ರತಿಷ್ಠಿತ ಮನೆತನದ ಅವರ ಪತಿ ಇದೇ ಕಾಯಿಲೆಯಿಂದ ತೀರಿಕೊಂಡಿದ್ದರು. ಅವರ ಹೆಸರಿನಲ್ಲಿಯೇ ಸಂಸ್ಥೆ ಕಟ್ಟಿದ ಆ ತಾಯಿಯ ಧೈರ್ಯವನ್ನು ಮೆಚ್ಚಬೇಕು. ಮುಂಬಯಿಯಲ್ಲಿ ಫಾದರ್ ಜೋ ಪಿರೇರಾ ಅವರ ಕೃಪಾ ಫೌಂಡೇಶನ್ 1981ರಿಂದ, ಪುಣೆಯಲ್ಲಿ ಅನಿತಾ ಮತ್ತು ಅನಿಲ್ ಅವಚಟ್ ದಂಪತಿಗಳು ಆರಂಭಿಸಿದ ಮುಕ್ತಾಂಗಣ 1986ರಿಂದ ಕೆಲಸ ಮಾಡುತ್ತಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಊರಿನ ಕಡೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಹೆಸರುವಾಸಿ; ಶಿಬಿರದ ನಂತರವೂ ನವಜೀವನ ಸಮಿತಿಗಳ ಮೂಲಕ ಸಂಪರ್ಕ ಉಳಿಸಿಕೊಳ್ಳುತ್ತಾರೆಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446. ಟೆಲಿ ಮಾನಸ್ ಸೇವೆಯದು 14416; 2022ರಲ್ಲಿ ಆರಂಭವಾದ ಈ ಸೇವೆ ಅನೇಕ ಭಾರತೀಯ ಭಾಷೆಗಳಲ್ಲಿ ಲಭ್ಯವಿದೆ.

2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯೊಳಗೆ ಸೇರಿಸಿದೆ. ರೋಗಿಯ ಗೋಪ್ಯತೆಯನ್ನು ಹಕ್ಕೆಂದು ಒಪ್ಪಿದೆ. ಆದರೆ ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ಮದ್ಯವ್ಯಸನದ ಚಿಕಿತ್ಸೆಯನ್ನು ಹೊರತುಪಡಿಸುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಪಾಲಿಸಿಯ ಹೊರತುಪಡಿಕೆಗಳ ಪಟ್ಟಿಯನ್ನು ಮೊದಲೇ ಓದಿಕೊಳ್ಳಿರಿ. ನಾವು ಓದಿರಲಿಲ್ಲ, ಆಸ್ಪತ್ರೆಯ ಬಿಲ್ಲನ್ನು ಕೈಯಿಂದಲೇ ಕಟ್ಟಿದೆವು.

ಭಾವನವರು ಈ ಲೇಖನವನ್ನು ಓದಿ, ಹೆಸರು ಬಾರದಿದ್ದರೆ ಅಚ್ಚಿಗೆ ಕೊಡಬಹುದೆಂದರು. ನಮ್ಮ ಸದಸ್ಯರಲ್ಲಿ ಯಾರಿಗಾದರೂ, ಅಥವಾ ಅವರ ಮನೆಯವರಿಗೆ, ಮಾತನಾಡಬೇಕೆನ್ನಿಸಿದರೆ ಸಂಘದ ಕಾರ್ಯದರ್ಶಿಗಳ ಮೂಲಕ ನನಗೆ ತಿಳಿಸಬಹುದು. ಕಾರಣವನ್ನು ಅವರಿಗೆ ಹೇಳಬೇಕಾಗಿಲ್ಲ, ಬ್ಯಾಂಕಿನ ಕೆಲಸವೆಂದರೆ ಸಾಕು. ಭಾವನವರು ಕನ್ನಡದಲ್ಲಿಯೇ ಮಾತನಾಡುತ್ತಾರೆ. ಸಂಜೆ ಆರೂವರೆಯ ಒಳಗೆ ಫೋನು ಮಾಡುವುದು ಒಳ್ಳೆಯದು. ಆ ಮೇಲೆ ಅವರು ಸಭೆಯಲ್ಲಿರುತ್ತಾರೆ.